ನೆಲಗಪ್ಪೆಯ ಚರ್ಮದ ಲೋಳೆ: ಒಂದು ತಿಳಿವಿನ ನೂರು ವರ್ಷ

ಶತಮಾನೋತ್ಸವದ ಸ್ಮರಣ ಸಂಪುಟವೆಂದರೆ ಸ್ಥಾಪಕರನ್ನು ನೆನೆಯುವ, ಗುರುಪರಂಪರೆಗೆ ವಂದಿಸುವ, ಹಳೆಯ ವಿದ್ಯಾರ್ಥಿಗಳ ಸಾಧನೆಯನ್ನು ದಾಖಲಿಸುವ ಗ್ರಂಥ. ಆ ಕಾರ್ಯವನ್ನು ಈ ಸಂಪುಟದ ಇತರ ಲೇಖನಗಳು ನೆರವೇರಿಸಿವೆ. ನಾವು ಇಲ್ಲಿ ಬೇರೊಂದು ಇತಿಹಾಸವನ್ನು ಹೇಳಬಯಸುತ್ತೇವೆ. ಅದು ಮಳೆಗಾಲದಲ್ಲಿ ಶಾಲೆಯ ಅಂಗಳಕ್ಕೆ ಕರೆಯದೆ ಬರುವ ನೆಲಗಪ್ಪೆಯ ಕುರಿತಾದುದು. ಇನ್ನೂ ನಿಖರವಾಗಿ ಹೇಳುವುದಾದರೆ, ಗೊದಮೊಟ್ಟೆಯು ನೆಲಗಪ್ಪೆಯಾಗಿ ಬೆಳೆಯುವಾಗ ಅದರ ಚರ್ಮದಲ್ಲಿ ಹುಟ್ಟಿಕೊಳ್ಳುವ ಲೋಳೆಗ್ರಂಥಿಗಳನ್ನೂ ಆ ಲೋಳೆಯಲ್ಲಿ ಅಡಗಿರುವ ಸಕ್ಕರೆಗಳನ್ನೂ ಮನುಷ್ಯನು ಅರಿತುಕೊಂಡ ಬಗೆಯ ಇತಿಹಾಸ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ದೊಡ್ಡ ಸಂಪುಟದಲ್ಲಿ ಸ್ಥಾನವೇಕೆ ಎಂದು ಪಾಲಕರು ಕೇಳಬಹುದು. ಕಾರಣಗಳು ಎರಡು. ಮೊದಲನೆಯದು, ಈ ಅರಿವಿನ ಮುಖ್ಯ ಭಾಗವೆಲ್ಲ ರೂಪುಗೊಂಡುದು ನಮ್ಮ ಶಾಲೆ ನಡೆದುಬಂದ ಈ ನೂರು ವರ್ಷಗಳ ಅವಧಿಯಲ್ಲಿಯೇ. ಎರಡನೆಯದು ಇನ್ನೂ ಮಹತ್ತ್ವದ್ದು. ಉಮರ್ಗಾ, ನಿಲಂಗಾ, ಉದಗೀರ ಎಂಬ ಈ ಮೂರು ತಾಲೂಕುಗಳ ಗಡಿನಾಡಿನಲ್ಲಿ ಕನ್ನಡ ಮಾಧ್ಯಮದ ಶಾಲೆಯೊಂದು ಉಳಿಯಬೇಕಾದರೆ, ಮನೆಯ ಮಾತನ್ನು ಉಳಿಸಿಕೊಂಡರಷ್ಟೇ ಸಾಲದು. ಸೂಕ್ಷ್ಮದರ್ಶಕದ ಕೆಳಗೆ ಕಾಣುವುದನ್ನೂ ಅದೇ ಮಾತಿನಲ್ಲಿ ಹೇಳಲು ಸಾಧ್ಯವೆಂದು ತೋರಿಸಬೇಕು. ಹೀಗಾಗಿ ಕಠಿಣವಾದ ವಿಷಯವನ್ನೇ ಬೇಕೆಂದು ಆರಿಸಿಕೊಂಡಿದ್ದೇವೆ.

ನಾಡಿನ ನಡೆ

ಮೊದಲು ನೆಲದ ಮಾತು. ಕಲ್ಯಾಣದ ಚಾಲುಕ್ಯರ ರಾಜಧಾನಿ ಇಲ್ಲಿಂದ ದೂರವಿಲ್ಲ. ರಟ್ಟ ವಂಶದ ಅರಸರು ತಮ್ಮನ್ನು ಲತ್ತಲೂರಪುರದ ಅಧೀಶ್ವರರೆಂದು ಕರೆದುಕೊಂಡರು, ಆ ಲತ್ತಲೂರೇ ಇಂದಿನ ಲಾತೂರು. ಈ ಸೀಮೆಯ ದೇಗುಲಗಳಲ್ಲಿ ಕನ್ನಡ ಶಾಸನಗಳು ದೊರೆತಿವೆ. ನಮ್ಮ ಶಾಲೆ ಕಣ್ತೆರೆದ ಕಾಲದಲ್ಲಿ ಈ ಪ್ರದೇಶವು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ನಿಲಂಗಾ ಮತ್ತು ಉದಗೀರ ತಾಲೂಕುಗಳು ಬೀದರ ಜಿಲ್ಲೆಯಲ್ಲಿದ್ದವು, ಉಮರ್ಗಾ ಉಸ್ಮಾನಾಬಾದ್ ಜಿಲ್ಲೆಯಲ್ಲಿತ್ತು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ರಾಜ್ಯಗಳು ಮರುವಿಂಗಡಣೆಯಾದಾಗ ಬೀದರ ಜಿಲ್ಲೆ ಒಡೆದು, ಅಹ್ಮದಪುರ, ನಿಲಂಗಾ, ಉದಗೀರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಸೇರಿದವು. ಬೀದರ, ಭಾಲ್ಕಿ, ಹುಮನಾಬಾದ್ ಮೈಸೂರು ರಾಜ್ಯಕ್ಕೆ ಸಂದವು. 1960ರ ಮೇ 1ರಂದು ಮಹಾರಾಷ್ಟ್ರ ರಾಜ್ಯ ಹುಟ್ಟಿತು. 1982ರ ಆಗಸ್ಟ್ 16ರಂದು ಲಾತೂರು ಪ್ರತ್ಯೇಕ ಜಿಲ್ಲೆಯಾಯಿತು. ಊರು ಇದ್ದಲ್ಲೇ ಇತ್ತು. ಅದರ ಜಿಲ್ಲೆ, ರಾಜ್ಯ, ಕಚೇರಿಯ ಭಾಷೆ ಮಾತ್ರ ಮತ್ತೆ ಮತ್ತೆ ಬದಲಾದವು.

ಇಷ್ಟೆಲ್ಲ ಬದಲಾವಣೆಗಳ ನಡುವೆಯೂ ಬದಲಾಗದೆ ಉಳಿದುದು ಮಿರಗದ ಮಳೆ. ಜೂನ್ ಮೊದಲ ವಾರ ಕಳೆದು ಎರೆಭೂಮಿಯ ಬಿರುಕುಗಳು ಮುಚ್ಚಿ, ಕುಣಿಗಳಲ್ಲಿ ಕೆನ್ನೀರು ನಿಂತೊಡನೆ, ವರ್ಷವಿಡೀ ಕಲ್ಲಿನ ಸಂದಿಯಲ್ಲಿ, ಹಗೇವಿನ ಪಕ್ಕದಲ್ಲಿ ಅಡಗಿದ್ದ ನೆಲಗಪ್ಪೆಗಳು ಹೊರಬಂದು ಕೂಗತೊಡಗುತ್ತವೆ. ಋಗ್ವೇದದ ಏಳನೆಯ ಮಂಡಲದ 103ನೆಯ ಸೂಕ್ತವು ಮಳೆಗಾಗಿ ಕಾದಿದ್ದು ಕೂಗುವ ಈ ಕಪ್ಪೆಗಳನ್ನೇ ಕುರಿತದ್ದು. ಕಪ್ಪೆಯ ಕೂಗಿಗೂ ಮಳೆಗೂ ನಂಟಿದೆಯೆಂಬ ತಿಳಿವು ನಮ್ಮಲ್ಲಿ ಅಷ್ಟು ಹಳೆಯದು. ಆದರೆ ಮಳೆಯಿಲ್ಲದ ಎಂಟು ತಿಂಗಳು ಆ ಜೀವಿ ಬದುಕಿ ಉಳಿಯುವುದು ಹೇಗೆಂಬ ಪ್ರಶ್ನೆಗೆ ಉತ್ತರವನ್ನು ಹುಡುಕಬೇಕಾದುದು ಅದರ ಚರ್ಮದಲ್ಲಿ.

ಹೆಸರಿಟ್ಟವರು

ನಮ್ಮ ಅಂಗಳದ ಸಾಮಾನ್ಯ ನೆಲಗಪ್ಪೆಗೆ ಶಾಸ್ತ್ರೀಯ ಹೆಸರನ್ನು ಕೊಟ್ಟವನು ಜರ್ಮನಿಯ ಯೋಹಾನ್ ಗಾಟ್ಲೋಬ್ ಶ್ನೈಡರ್, 1799ರಲ್ಲಿ. ಸ್ವಾರಸ್ಯದ ಸಂಗತಿಯೆಂದರೆ ಆತನು ಪ್ರಾಣಿಶಾಸ್ತ್ರಜ್ಞನಷ್ಟೇ ಅಲ್ಲ, ಗ್ರೀಕ್ ಭಾಷೆಯ ನಿಘಂಟನ್ನು ರಚಿಸಿದ ಭಾಷಾ ವಿದ್ವಾಂಸ. ಆತನಿಟ್ಟ 'ಮೆಲನೊಸ್ಟಿಕ್ಟಸ್' ಎಂಬ ಹೆಸರಿಗೆ ಗ್ರೀಕಿನಲ್ಲಿ 'ಕಪ್ಪು ಚುಕ್ಕೆಯುಳ್ಳದ್ದು' ಎಂದರ್ಥ. ಬೆನ್ನ ಮೇಲಿನ ಗಂಟುಗಳ ತುದಿಯಲ್ಲಿ ಕಾಣುವ ಕರಿ ಚುಕ್ಕೆಗಳನ್ನು ಕಂಡು ಇಟ್ಟ ಹೆಸರದು. ಬಹುಕಾಲ ಇದನ್ನು 'ಬ್ಯೂಫೊ' ಎಂಬ ಕುಲದಲ್ಲಿ ಸೇರಿಸಿದ್ದರು. 2006ರಲ್ಲಿ ಕುಲವನ್ನು ವಿಭಾಗಿಸಿದಾಗ, ಒಡಿಶಾದ ಉಭಯವಾಸಿತಜ್ಞ ಸುಶೀಲ್ ಕುಮಾರ್ ದತ್ತ ಅವರ ಗೌರವಾರ್ಥ 'ದತ್ತಫ್ರೈನಸ್' ಎಂಬ ಹೊಸ ಕುಲನಾಮ ಬಂದಿತು. ಹೀಗೆ ನಮ್ಮ ನೆಲಗಪ್ಪೆಯ ಹೆಸರಿನಲ್ಲಿ ಈಗ ಭಾರತೀಯ ವಿದ್ವಾಂಸರೊಬ್ಬರ ಹೆಸರೂ ಕೂಡಿಕೊಂಡಿದೆ.

ಕನ್ನಡನಾಡಿನಲ್ಲಿ ಈ ಜೀವಿಗಳ ಅಧ್ಯಯನಕ್ಕೆ ತಳಹದಿ ಹಾಕಿದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸಿ. ಆರ್. ನಾರಾಯಣರಾವ್ (1882–1960). ಪಶ್ಚಿಮ ಘಟ್ಟಗಳ ಹಲವು ಕಪ್ಪೆಗಳನ್ನು ಅವರು ಮೊದಲಬಾರಿಗೆ ವಿವರಿಸಿದರು, ಗೊದಮೊಟ್ಟೆಗಳನ್ನೂ ಗಮನವಿಟ್ಟು ಅಭ್ಯಸಿಸಿದರು. 1932ರಲ್ಲಿ ಬೆಂಗಳೂರಿನಿಂದ ಹೊರಟ 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರು ಅವರೇ. 1937ರಲ್ಲಿ ಅವರು ಬಣ್ಣಿಸಿದ ಕಪ್ಪೆಗಳ ಮೂಲ ಮಾದರಿಗಳು ಕಾಲಾಂತರದಲ್ಲಿ ಕಳೆದುಹೋದವು. ಗಾಜಿನ ಭರಣಿಯಲ್ಲಿಟ್ಟ ಮಾದರಿ ಕಳೆಯಬಹುದು, ಆದರೆ ಬರೆದಿಟ್ಟ ವಿವರ ಉಳಿಯುತ್ತದೆ ಎಂಬ ಪಾಠವನ್ನು ಇದು ನಮಗೆ ಕಲಿಸುತ್ತದೆ. 2010ರಲ್ಲಿ ಪೊದೆಗಪ್ಪೆಗಳ ಒಂದು ಕುಲಕ್ಕೆ 'ರಾವೋರ್ಕೆಸ್ಟಿಸ್' ಎಂದು ಹೆಸರಿಟ್ಟು ವಿದ್ವತ್ಲೋಕವು ಅವರನ್ನು ಸ್ಮರಿಸಿತು.

ಚರ್ಮವೆಂಬ ಅಂಗ

ನೆಲಗಪ್ಪೆಗೆ ಚರ್ಮವು ಬರಿಯ ಹೊದಿಕೆಯಲ್ಲ. ಅದರ ಮೂಲಕ ಅದು ಉಸಿರಾಟದ ಒಂದು ಭಾಗವನ್ನು ನಡೆಸುತ್ತದೆ. ಅದರ ಮೂಲಕವೇ ನೀರು 'ಕುಡಿಯುತ್ತದೆ'. ಬಾಯಿಂದ ನೀರು ಕುಡಿಯುವ ಅಭ್ಯಾಸ ಅದಕ್ಕಿಲ್ಲ. ಒದ್ದೆ ಮಣ್ಣಿನ ಮೇಲೆ ಹೊಟ್ಟೆಯನ್ನೂರಿ ಕುಳಿತರೆ ಹೊಟ್ಟೆಯ ಕೆಳಭಾಗದ ತೆಳುಚರ್ಮವು ನೀರನ್ನು ಒಳಗೆಳೆದುಕೊಳ್ಳುತ್ತದೆ. ಇಂಥ ಚರ್ಮ ಒಣಗಿದರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ಅದರಲ್ಲಿ ಎರಡು ಬಗೆಯ ಗ್ರಂಥಿಗಳಿವೆ. ಒಂದು, ಲೋಳೆಗ್ರಂಥಿ: ಚಿಕ್ಕದು, ಮೈತುಂಬ ಹರಡಿರುವುದು, ಚರ್ಮವನ್ನು ತೇವವಾಗಿಡುವುದು. ಇನ್ನೊಂದು, ವಿಷಗ್ರಂಥಿ: ದೊಡ್ಡದು, ಹಾಲಿನಂಥ ದ್ರವವನ್ನು ಸ್ರವಿಸಿ ಶತ್ರುವನ್ನು ದೂರವಿಡುವುದು. ಕಣ್ಣಿನ ಹಿಂದೆ ಉಬ್ಬಿ ಕಾಣುವ ಎರಡು ಗಡ್ಡೆಗಳು ವಿಷಗ್ರಂಥಿಗಳ ಗುಂಪು. ಈ ಗಂಟುಗಳನ್ನು ಮುಟ್ಟಿದರೆ ನಮ್ಮ ಕೈಯಲ್ಲಿ ನರೂಲಿ ಏಳುತ್ತವೆಂಬ ನಂಬಿಕೆ ಹಳ್ಳಿಗಳಲ್ಲಿದೆ. ನರೂಲಿಗೆ ಕಾರಣ ಮನುಷ್ಯರಲ್ಲಿ ಹರಡುವ ಒಂದು ವೈರಾಣು. ಕಪ್ಪೆಗೂ ಅದಕ್ಕೂ ಸಂಬಂಧವಿಲ್ಲ. ವಿಷದ್ರವವು ಕಣ್ಣು ಬಾಯಿಗೆ ತಾಗದಂತೆ ಕೈ ತೊಳೆದುಕೊಂಡರೆ ಸಾಕು.

ಇನ್ನು ಲೋಳೆಯೆಂದರೇನು? ಅದರ ಬಹುಭಾಗ ನೀರು. ಆ ನೀರನ್ನು ಹಿಡಿದಿಡುವುದು ಒಂದು ವಿಶೇಷ ವಸ್ತು. ಮೆಕ್ಕೆಜೋಳದ ತೆನೆಯನ್ನು ನೆನೆದುಕೊಳ್ಳಿ: ನಡುವೆ ದಿಂಡು, ಸುತ್ತಲೂ ಸಾಲುಸಾಲು ಕಾಳು. ಲೋಳೆಯ ಅಣುವಿನಲ್ಲಿ ದಿಂಡಿನ ಸ್ಥಾನದಲ್ಲಿ ಪ್ರೋಟೀನಿನ ಎಳೆ, ಕಾಳುಗಳ ಸ್ಥಾನದಲ್ಲಿ ಸಕ್ಕರೆಗಳ ಸರಪಳಿಗಳು. ಕಾರ್ಬೋಹೈಡ್ರೇಟ್ ಎಂದೊಡನೆ ನಮಗೆ ಜೋಳದ ರೊಟ್ಟಿ, ಬೆಲ್ಲ ನೆನಪಾಗುತ್ತವೆ. ಆಹಾರದ ಕಾರ್ಬೋಹೈಡ್ರೇಟು ಉರಿದು ಶಕ್ತಿ ಕೊಡುತ್ತದೆ. ಲೋಳೆಯ ಕಾರ್ಬೋಹೈಡ್ರೇಟು ಉರಿಯುವುದಿಲ್ಲ, ನೀರನ್ನು ಹಿಡಿಯುತ್ತದೆ. ಇವುಗಳಲ್ಲಿ ಕೆಲವು ಸಕ್ಕರೆಗಳು ತಟಸ್ಥ, ಕೆಲವು ಆಮ್ಲೀಯ. ಆಮ್ಲೀಯವಾದವುಗಳಲ್ಲಿಯೂ ಎರಡು ಪಂಗಡ: ಸಿಯಾಲಿಕ್ ಆಮ್ಲದಂಥವು ಒಂದೆಡೆ, ಗಂಧಕವನ್ನೊಳಗೊಂಡ ಸಲ್ಫೇಟ್ ಗುಂಪನ್ನು ಹೊತ್ತವು ಇನ್ನೊಂದೆಡೆ. ಆಮ್ಲೀಯ ಸಕ್ಕರೆಗಳು ಋಣ ವಿದ್ಯುದಂಶವನ್ನು ಹೊತ್ತಿರುವುದರಿಂದ ಒಂದನ್ನೊಂದು ದೂರ ತಳ್ಳಿ, ನಡುವೆ ನೀರಿಗೆ ಎಡೆಮಾಡಿಕೊಟ್ಟು ಉಬ್ಬುತ್ತವೆ. ಲೋಳೆ ತೆಳ್ಳಗೋ ಮಂದವೋ, ಜಾರುವುದೋ ಅಂಟುವುದೋ ಎಂಬುದು ಬಹುಮಟ್ಟಿಗೆ ಈ ಸಕ್ಕರೆಗಳ ಬಗೆಯನ್ನೂ ಪ್ರಮಾಣವನ್ನೂ ಅವಲಂಬಿಸಿದೆ.

ಬಣ್ಣಗಳ ಇತಿಹಾಸ

ಕಣ್ಣಿಗೆ ಕಾಣದ ಈ ಸಕ್ಕರೆಗಳನ್ನು ಕಾಣಿಸಿದವರು ಯಾರು? ಕಪ್ಪೆಗೂ ಸೂಕ್ಷ್ಮದರ್ಶಕಕ್ಕೂ ಹಳೆಯ ಸಂಬಂಧವಿದೆ. 1661ರಲ್ಲಿ ಇಟಲಿಯ ಮಾಲ್ಪೀಗಿ ರಕ್ತದ ಲೋಮನಾಳಗಳನ್ನು ಮೊದಲು ಕಂಡುದು ಕಪ್ಪೆಯ ಶ್ವಾಸಕೋಶದಲ್ಲಿಯೇ. ಆದರೆ ಕಾಣುವುದು ಬೇರೆ, ಕಂಡದ್ದು ಯಾವ ವಸ್ತುವೆಂದು ಗುರುತಿಸುವುದು ಬೇರೆ. ಆ ಗುರುತು ದೊರೆತುದು ಬಣ್ಣಗಳಿಂದ.

ಫ್ಲಾರೆನ್ಸಿನಲ್ಲಿ ಕೆಲಸಮಾಡುತ್ತಿದ್ದ ಹ್ಯೂಗೊ ಶಿಫ್ ಎಂಬ ರಸಾಯನಶಾಸ್ತ್ರಜ್ಞನು 1866ರಲ್ಲಿ ಒಂದು ಪರೀಕ್ಷೆಯನ್ನು ಪ್ರಕಟಿಸಿದನು. ಫುಕ್ಸಿನ್ ಎಂಬ ಕೆಂಬಣ್ಣದಿಂದ ಬಣ್ಣವನ್ನು ಕಳೆದು ಮಾಡಿದ ದ್ರಾವಣವು ಆಲ್ಡಿಹೈಡ್ ಎಂಬ ವಸ್ತುವನ್ನು ಸಂಧಿಸಿದೊಡನೆ ಮತ್ತೆ ಕೆಂಪೇರುತ್ತದೆ ಎಂಬುದೇ ಅದರ ಸಾರ. ಸುಮಾರು ಆರು ದಶಕಗಳ ನಂತರ, 1924ರಲ್ಲಿ, ಜರ್ಮನಿಯ ರಾಬರ್ಟ್ ಫಾಯ್ಲ್ಗೆನ್ ಮತ್ತು ರೋಸನ್‌ಬೆಕ್ ಇದೇ ದ್ರಾವಣದಿಂದ ಜೀವಕೋಶದ ಕೇಂದ್ರದಲ್ಲಿರುವ ಆನುವಂಶಿಕ ವಸ್ತುವಿಗೆ ಬಣ್ಣ ಬರಿಸಿದರು. ಒಂದು ರಾಸಾಯನಿಕ ಕ್ರಿಯೆಯನ್ನು ಗಾಜಿನ ನಳಿಕೆಯಿಂದ ಎತ್ತಿ ಅಂಗಾಂಶದ ತೆಳುಪದರಿನ ಮೇಲೆಯೇ ನಡೆಸಬಹುದೆಂದು ಇದರಿಂದ ಸಿದ್ಧವಾಯಿತು. ನಮ್ಮ ಶಾಲೆ ಹುಟ್ಟಿದ ದಶಕವೂ ಅದೇ.

1928ರಲ್ಲಿ ಫ್ರಾನ್ಸಿನ ಮಾಲಪ್ರಾದ್ ಎಂಬುವನು ಪರ್‌ಅಯೋಡಿಕ್ ಆಮ್ಲವು ಪಕ್ಕಪಕ್ಕದ ಎರಡು ಇಂಗಾಲಗಳ ನಡುವಿನ ಬಂಧವನ್ನು, ಅವೆರಡರಲ್ಲಿಯೂ ಹೈಡ್ರಾಕ್ಸಿಲ್ ಗುಂಪಿದ್ದರೆ, ಕತ್ತರಿಸುತ್ತದೆಂದು ತೋರಿಸಿದನು. ಸಕ್ಕರೆಗಳಲ್ಲಿ ಇಂಥ ಜೋಡಿಗಳು ಹೇರಳ. ಕತ್ತರಿಸಿದ ಕಡೆ ಆಲ್ಡಿಹೈಡ್ ಹುಟ್ಟುತ್ತದೆ. ಆಲ್ಡಿಹೈಡ್ ಹುಟ್ಟಿದ ಕಡೆ ಶಿಫ್‌ನ ದ್ರಾವಣ ಕೆಂಪೇರುತ್ತದೆ. ಈ ಎರಡು ಎಳೆಗಳನ್ನು ಹೆಣೆದು 1946ರಲ್ಲಿ ಮ್ಯಾಕ್‌ಮೇನಸ್ ಅಂಗಾಂಶದ ಲೋಳೆಗೆ ಬಣ್ಣ ಬರಿಸುವ ವಿಧಾನವನ್ನು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದನು. ಮುಂದೆ ಲಿಲ್ಲಿ ಮತ್ತು ಹಾಚ್‌ಕಿಸ್ ಅದನ್ನು ಬೇರೆಬೇರೆಯಾಗಿ ಬೆಳೆಸಿದರು. ಪಿ.ಎ.ಎಸ್. ಎಂಬ ಮೂರಕ್ಷರದಿಂದ ಇಂದು ಪ್ರತಿ ರೋಗನಿದಾನ ಪ್ರಯೋಗಾಲಯದಲ್ಲಿಯೂ ಪರಿಚಿತವಾಗಿರುವ ವಿಧಾನವಿದು. 1946ರಲ್ಲಿಯೇ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು ಹೊರಬಂದಿತು. ಲೋಳೆಯನ್ನು ಕಾಣಿಸುವ ಬಣ್ಣವೂ ಅದನ್ನು ಕನ್ನಡದಲ್ಲಿ ಹೇಳಲು ಬೇಕಾದ ಪದಕೋಶವೂ ಒಂದೇ ವರ್ಷದಲ್ಲಿ ದೊರೆತುದು ಕಾಕತಾಳೀಯವೇ ಆದರೂ ನೆನೆಯಲು ಯೋಗ್ಯವಾದುದು.

ಪಿ.ಎ.ಎಸ್. ವಿಧಾನದಲ್ಲಿ ತಟಸ್ಥ ಸಕ್ಕರೆಗಳು ಚೆನ್ನಾಗಿ ಕಾಣುತ್ತಿದ್ದವು. ಆಮ್ಲೀಯವಾದವುಗಳಲ್ಲಿ ಹಲವು ಅದಕ್ಕೆ ಒಲಿಯುತ್ತಿರಲಿಲ್ಲ. 1950ರಲ್ಲಿ ಸ್ಟೀಡ್‌ಮನ್ ಎಂಬುವನು ಆಲ್ಸಿಯನ್ ನೀಲಿಯನ್ನು ಬಳಕೆಗೆ ತಂದನು. ಬಟ್ಟೆಗೆ ಬಣ್ಣ ಕಟ್ಟಲೆಂದು ತಯಾರಾದ ನೀಲಿ ಅದು. ಧನ ವಿದ್ಯುದಂಶವುಳ್ಳ ಈ ನೀಲಿ, ಋಣ ವಿದ್ಯುದಂಶವುಳ್ಳ ಆಮ್ಲೀಯ ಸಕ್ಕರೆಗೆ ಅಂಟಿಕೊಳ್ಳುತ್ತದೆ. ದ್ರಾವಣದ ಆಮ್ಲತೆಯನ್ನು ಪಿ.ಎಚ್. 2.5ರಲ್ಲಿ ಇಟ್ಟರೆ ಎರಡೂ ಪಂಗಡದ ಆಮ್ಲೀಯ ಸಕ್ಕರೆಗಳು ನೀಲಿಯಾಗುತ್ತವೆ, 1.0ಕ್ಕೆ ಇಳಿಸಿದರೆ ಸಲ್ಫೇಟ್ ಉಳ್ಳವು ಮಾತ್ರ. ಎರಡು ಬಣ್ಣಗಳನ್ನೂ ಒಂದೇ ಪದರಿನ ಮೇಲೆ ಒಂದರ ನಂತರ ಒಂದು ಹಾಕಿದರೆ ತಟಸ್ಥವಾದುದು ಕೆನ್ನೇರಳೆಗೆಂಪು, ಆಮ್ಲೀಯವಾದುದು ನೀಲಿ, ಎರಡೂ ಬೆರೆತುದು ನೇರಳೆ. 1965ರ ವೇಳೆಗೆ ಸ್ಪೈಸರ್ ಮೊದಲಾದವರು ಇಂಥ ಹಲವು ಪರೀಕ್ಷೆಗಳನ್ನು ಕ್ರಮವಾಗಿ ಜೋಡಿಸಿ, ಒಂದು ಗ್ರಂಥಿಯ ಲೋಳೆಯಲ್ಲಿ ಯಾವ ಯಾವ ಬಗೆಯ ಸಕ್ಕರೆಗಳಿವೆಯೆಂದು ಬೇರ್ಪಡಿಸಿ ಹೇಳುವ ಮಾರ್ಗವನ್ನು ಹಾಕಿಕೊಟ್ಟರು.

ಈ ಶಾಸ್ತ್ರದ ಪ್ರಾಮಾಣಿಕತೆ ಇರುವುದು ಅದರ ಮರುಪರೀಕ್ಷೆಗಳಲ್ಲಿ. ಕೆಂಪು ಬಣ್ಣ ಬಂದರೆ ಅದು ಲೋಳೆಯೇ ಆಗಿರಬೇಕೆಂದಿಲ್ಲ. ಕ್ಲೋಡ್ ಬರ್ನಾರ್ಡ್ 1857ರಲ್ಲಿ ಯಕೃತ್ತಿನಿಂದ ಬೇರ್ಪಡಿಸಿದ ಗ್ಲೈಕೋಜೆನ್ ಕೂಡ ಕೆಂಪಾಗುತ್ತದೆ. ಹಾಗಾದರೆ ಪಕ್ಕದ ಇನ್ನೊಂದು ಪದರಿಗೆ ಮೊದಲೇ ಎಂಜಲನ್ನು ಸವರುವುದು. ನಮ್ಮ ಬಾಯಿಯ ಎಂಜಲಿನಲ್ಲಿರುವ ಅಮೈಲೇಸ್ ಕಿಣ್ವವು ಗ್ಲೈಕೋಜೆನ್ನನ್ನು ಕರಗಿಸುತ್ತದೆ. ಆಮೇಲೆಯೂ ಕೆಂಪು ಉಳಿದರೆ ಅದು ಗ್ಲೈಕೋಜೆನ್ ಅಲ್ಲ. ಹಾಗೆಯೇ ಸಿಯಾಲಿಡೇಸ್ ಕಿಣ್ವವನ್ನು ಹಾಕಿದ ಮೇಲೆ ನೀಲಿ ಮಾಸಿದರೆ ಆ ನೀಲಿಗೆ ಕಾರಣ ಸಿಯಾಲಿಕ್ ಆಮ್ಲವೆಂದು ತಿಳಿಯುತ್ತದೆ. ಕಂಡುದನ್ನು ನಂಬುವ ಮುನ್ನ, ಬೇರೆ ಕಾರಣವಿರಬಹುದೇ ಎಂದು ಕೇಳುವ ಈ ಶಿಸ್ತನ್ನು ಮಕ್ಕಳಿಗೆ ಕಲಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ತೋರದು.

ಗೊದಮೊಟ್ಟೆಯಿಂದ ನೆಲಗಪ್ಪೆಗೆ

ಈಗ ಬೆಳವಣಿಗೆಯ ಮಾತು. ನೆಲಗಪ್ಪೆಯ ಜೀವನ ಸಕ್ಕರೆಯ ಲೋಳೆಯಲ್ಲಿಯೇ ಆರಂಭವಾಗುತ್ತದೆ. ಹೆಣ್ಣು ಸಾವಿರಾರು ಕರಿಯ ತತ್ತಿಗಳನ್ನು ಮಣಿಸರದಂತೆ ಉದ್ದನೆಯ ಎರಡು ಎಳೆಗಳಲ್ಲಿ ನೀರಿನಲ್ಲಿಡುತ್ತದೆ. ಮಣಿಗಳನ್ನು ಪೋಣಿಸಿದ ದಾರವೇ ಲೋಳೆ. ಇದು ತಾಯಿಯ ಅಂಡನಾಳದಲ್ಲಿ ಸ್ರವಿಸಿದುದು. ಫ್ರಾನ್ಸಿನ ಲೀಲ್ ನಗರದ ಸಂಶೋಧಕರು ಹಲವು ಬಗೆಯ ಕಪ್ಪೆ, ನೆಲಗಪ್ಪೆಗಳ ತತ್ತಿಯ ಲೋಳೆಯನ್ನು ವಿಶ್ಲೇಷಿಸಿ, ಅದರ ಸಕ್ಕರೆ ಸರಪಳಿಗಳು ಒಂದೊಂದು ಜಾತಿಯಲ್ಲಿ ಒಂದೊಂದು ಬಗೆಯಾಗಿರುವುದನ್ನು ತೋರಿಸಿದ್ದಾರೆ. ಸಕ್ಕರೆಯು ಇಲ್ಲಿ ಜಾತಿಯ ಮುದ್ರೆಯಂತಿದೆ.

ತತ್ತಿಯೊಡೆದು ಹೊರಬಂದ ಮರಿಗೆ ಈಜಲು ಬಾರದು. ಬಾಯಿಯ ಕೆಳಗಿನ ಅಂಟುಗ್ರಂಥಿಯ ಲೋಳೆಯಿಂದ ಅದು ಪಾಚಿಗೋ ಕಡ್ಡಿಗೋ ಅಂಟಿಕೊಂಡಿರುತ್ತದೆ. ಕೆಲದಿನಗಳಲ್ಲಿ ಆ ಗ್ರಂಥಿ ಅಳಿಯುತ್ತದೆ, ಗೊದಮೊಟ್ಟೆ ಈಜತೊಡಗುತ್ತದೆ. ಆಗ ಅದರ ಚರ್ಮ ಬಲು ತೆಳು. ದೊಡ್ಡವುಗಳಲ್ಲಿರುವಂಥ ಗ್ರಂಥಿಗಳು ಅದರಲ್ಲಿಲ್ಲ. ಮೇಲ್ಪದರಿನ ಜೀವಕೋಶಗಳೇ ತಮ್ಮೊಳಗಿನ ಸಣ್ಣ ಕಣಗಳಿಂದ ತೆಳುವಾದ ಲೋಳೆಯನ್ನು ಹೊರಹಾಕುತ್ತವೆ. ಸುತ್ತಲೂ ನೀರಿರುವಾಗ ನೀರನ್ನು ಕೂಡಿಡುವ ಗ್ರಂಥಿಯ ಅಗತ್ಯವಾದರೂ ಏನು?

ಹಿಂಗಾಲುಗಳು ಮೊಳೆತು ಬೆಳೆಯುವ ಹಂತದಲ್ಲಿ ಚಿತ್ರ ಬದಲಾಗುತ್ತದೆ. ಹೊರಚರ್ಮದ ಕೆಳಪದರಿನ ಕೆಲವು ಜೀವಕೋಶಗಳು ಒಟ್ಟುಗೂಡಿ ಮೊಗ್ಗಿನಂತಾಗಿ ಒಳಚರ್ಮದೊಳಕ್ಕೆ ಇಳಿಯುತ್ತವೆ. ಮೊಗ್ಗು ದುಂಡಗಾಗಿ, ನಡುವೆ ಟೊಳ್ಳು ಬಿದ್ದು, ಮೇಲಕ್ಕೆ ಕಿರುನಾಳವೊಂದು ತೆರೆಯುತ್ತದೆ. ಟೊಳ್ಳಿನ ಸುತ್ತಲಿನ ಜೀವಕೋಶಗಳು ಪ್ರೋಟೀನಿನ ಎಳೆಗೆ ಸಕ್ಕರೆಯ ಸರಪಳಿಗಳನ್ನು ಜೋಡಿಸತೊಡಗುತ್ತವೆ. ಸಂಶೋಧಕನು ಹಂತಹಂತದ ಚರ್ಮವನ್ನು ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ತೆಳುವಾದ ಪದರುಗಳಾಗಿ ಕೊಯ್ದು, ಮೇಲೆ ಹೇಳಿದ ಬಣ್ಣಗಳನ್ನು ಹಾಕಿ ನೋಡಿದಾಗ ಮೊದಲು ಬಣ್ಣಹೀನವಾಗಿದ್ದ ಮೊಗ್ಗಿನಲ್ಲಿ ಕ್ರಮೇಣ ಕೆಂಪು, ನೀಲಿ, ನೇರಳೆಯ ಕಣಗಳು ಮೂಡುವುದು ಕಾಣುತ್ತದೆ. ಎಲ್ಲ ಕಣಗಳೂ ಒಂದೇ ಬಣ್ಣ ತಾಳುವುದಿಲ್ಲ. ಬಣ್ಣ ಯಾವ ಹಂತದಲ್ಲಿ ಮೂಡಿತು, ಯಾವುದು ಮೊದಲು ಬಂತು, ಯಾವುದು ಹೆಚ್ಚಿತು ಎಂಬುದನ್ನು ಬರೆದಿಟ್ಟರೆ, ಜೀವಿಯೊಂದು ನೀರನ್ನು ಬಿಟ್ಟು ನೆಲಕ್ಕೆ ಬರಲು ನಡೆಸುವ ಸಿದ್ಧತೆಯ ದಿನಚರಿಯೇ ನಮ್ಮ ಕೈಗೆ ಸಿಕ್ಕಂತೆ.

ಆ ದಿನಚರಿಗೆ ತೇದಿ ಹಾಕಲು 1960ರಲ್ಲಿ ಗಾಸ್ನರ್ ರಚಿಸಿದ ಕೋಷ್ಟಕವು ನೆರವಾಯಿತು. ತತ್ತಿಯಿಂದ ಬಾಲವಳಿದ ಮರಿಯವರೆಗಿನ ಬೆಳವಣಿಗೆಯನ್ನು ಅದು 46 ಹಂತಗಳಾಗಿ ವಿಂಗಡಿಸುತ್ತದೆ. 42ನೆಯ ಹಂತದಲ್ಲಿ ಮುಂಗಾಲುಗಳು ಹೊರಬೀಳುತ್ತವೆ, 46ರಲ್ಲಿ ರೂಪಪರಿವರ್ತನೆ ಮುಗಿಯುತ್ತದೆ. ಈ ಪರಿವರ್ತನೆಯ ಸೂತ್ರಧಾರಿ ಥೈರಾಯ್ಡ್ ಗ್ರಂಥಿ. 1912ರಲ್ಲಿ ಗುಡರ್ನಾಚ್ ಎಂಬುವನು ಗೊದಮೊಟ್ಟೆಗಳಿಗೆ ಥೈರಾಯ್ಡ್ ತಿನ್ನಿಸಿದಾಗ ಅವು ಕಾಲಕ್ಕೆ ಮುಂಚೆಯೇ ಪುಟ್ಟ ಕಪ್ಪೆಗಳಾದವು. ನಮ್ಮ ಕುತ್ತಿಗೆಯಲ್ಲಿರುವ ಗ್ರಂಥಿಯೂ ಅದೇ. ಅದರ ಸ್ರಾವಕ್ಕೆ ಬೇಕಾದ ಅಯೋಡಿನ್ ನಾವು ತಿನ್ನುವ ಉಪ್ಪಿನಲ್ಲಿದೆ.

ನಮ್ಮ ವಿಶ್ವವಿದ್ಯಾಲಯಗಳು

ಸ್ವಾತಂತ್ರ್ಯದ ಆಸುಪಾಸಿನಲ್ಲಿ ಹುಟ್ಟಿದ ವಿಶ್ವವಿದ್ಯಾಲಯಗಳು ಈ ವಿದ್ಯೆಯನ್ನು ನಮ್ಮ ಹತ್ತಿರಕ್ಕೆ ತಂದವು. 1949ರಲ್ಲಿ ಸ್ಥಾಪನೆಯಾಗಿ ಮರುವರ್ಷ ಧಾರವಾಡಕ್ಕೆ ಬಂದ ಕರ್ನಾಟಕ ವಿಶ್ವವಿದ್ಯಾಲಯ, 1958ರಲ್ಲಿ ಔರಂಗಾಬಾದಿನಲ್ಲಿ ಆರಂಭವಾದ ಮರಾಠವಾಡಾ ವಿಶ್ವವಿದ್ಯಾಲಯ, 1962ರಲ್ಲಿ ಕೊಲ್ಹಾಪುರದಲ್ಲಿ ಆರಂಭವಾದ ಶಿವಾಜಿ ವಿಶ್ವವಿದ್ಯಾಲಯ ಮೂರೂ ಗಡಿನಾಡಿನ ಮಕ್ಕಳಿಗೆ ಬಾಗಿಲು ತೆರೆದವು. ಕೊಲ್ಹಾಪುರದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಅಂಗಾಂಶ ರಸಾಯನದ ಪ್ರಯೋಗಾಲಯವೊಂದು ಲೋಳೆವಸ್ತುಗಳ ಅಭ್ಯಾಸವನ್ನು ನಡೆಸಿತು. ಧಾರವಾಡದಲ್ಲಿ ಪ್ರೊ. ಎಸ್. ಕೆ. ಸೈದಾಪುರ ಮತ್ತು ಅವರ ಬಳಗ ಕಪ್ಪೆ, ನೆಲಗಪ್ಪೆಗಳ ಜೀವನವನ್ನು ದಶಕಗಳ ಕಾಲ ಶೋಧಿಸಿತು. ನಮ್ಮ ಸಾಮಾನ್ಯ ನೆಲಗಪ್ಪೆಯ ಗೊದಮೊಟ್ಟೆಗಳು ಒಡಹುಟ್ಟಿದವುಗಳನ್ನು ಗುರುತಿಸಿ ಅವುಗಳ ಜೊತೆಯಲ್ಲಿರಲು ಬಯಸುತ್ತವೆಂದು ಸೈದಾಪುರ ಮತ್ತು ಗಿರೀಶ್ ಪ್ರಯೋಗದಿಂದ ತೋರಿಸಿ 2000ದಲ್ಲಿ ಪ್ರಕಟಿಸಿದರು.

ಅದೇ ಬಳಗದ ಇನ್ನೊಂದು ಶೋಧವು ನಮ್ಮ ಬರಗಾಲದ ಸೀಮೆಗೆ ತೀರ ಹತ್ತಿರವಾದುದು. ನೆಲ ತೋಡಿ ಅಡಗುವ ಒಂದು ಜಾತಿಯ ಕಪ್ಪೆಯ ಗೊದಮೊಟ್ಟೆಗಳನ್ನು ಸಾಕಿ, ತೊಟ್ಟಿಯ ನೀರನ್ನು ದಿನದಿನಕ್ಕೆ ಇಳಿಸುತ್ತ ಹೋದಾಗ ಅವು ರೂಪಪರಿವರ್ತನೆಯನ್ನು ಬೇಗನೆ ಮುಗಿಸಿದವು. 2011ರಲ್ಲಿ ಈ ಬರಹ ಅಚ್ಚಾದುದು 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ, ಅಂದರೆ ನಾರಾಯಣರಾಯರು ಮೊದಲ ಸಂಪಾದಕರಾಗಿದ್ದ ಪತ್ರಿಕೆಯಲ್ಲಿಯೇ. ನೀರು ಇಂಗುವ ಮುನ್ನ ನೆಲಕ್ಕೆ ಬರಬೇಕು; ನೆಲಕ್ಕೆ ಬರುವ ಮುನ್ನ ಚರ್ಮ ಸಿದ್ಧವಾಗಬೇಕು. 1972ರ ಬರವನ್ನು ಕಂಡ ಹಿರಿಯರಿಗೂ, 2016ರ ಏಪ್ರಿಲ್‌ನಲ್ಲಿ ಮೀರಜದಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಬಂದುದನ್ನು ಕಂಡ ಮಕ್ಕಳಿಗೂ ಈ ಓಟದ ಅರ್ಥವನ್ನು ವಿವರಿಸಬೇಕಾಗಿಲ್ಲ.

ಕಪ್ಪೆಗಳ ಪಾಲಿಗೆ ಈ ನೂರು ವರ್ಷಗಳು ಸುಖದವಲ್ಲ. ಕಪ್ಪೆಯ ಕಾಲುಗಳನ್ನು ವಿದೇಶಕ್ಕೆ ಮಾರುವ ದೊಡ್ಡ ವ್ಯಾಪಾರವನ್ನು ಭಾರತ ಸರಕಾರವು 1987ರಲ್ಲಿ ನಿಷೇಧಿಸಿತು. ಅದೇ ವರ್ಷ ಅಮೆರಿಕದ ಮೈಕೇಲ್ ಝಾಸ್ಲಾಫ್ ಆಫ್ರಿಕದ ಒಂದು ಕಪ್ಪೆಯ ಚರ್ಮದಿಂದ ರೋಗಾಣುಗಳನ್ನು ಕೊಲ್ಲುವ ವಸ್ತುಗಳನ್ನು ಬೇರ್ಪಡಿಸಿದನು. 1999ರಲ್ಲಿ ಹೆಸರು ಪಡೆದ ಒಂದು ಶಿಲೀಂಧ್ರವು ಲೋಕದ ಅನೇಕ ಕಡೆ ಕಪ್ಪೆಗಳನ್ನು ಅಳಿಸಿದೆ. ಅದು ಆಕ್ರಮಿಸುವುದು ಚರ್ಮವನ್ನೇ. ಗೊದಮೊಟ್ಟೆಯಲ್ಲಿ ಅದು ಬಾಯಿಯ ಗಟ್ಟಿ ಭಾಗಗಳಿಗಷ್ಟೇ ತಗಲುತ್ತದೆ. ರೂಪಪರಿವರ್ತನೆಯ ನಂತರ ಮೈಯ ಚರ್ಮವೆಲ್ಲ ಅದಕ್ಕೆ ಗುರಿಯಾಗುತ್ತದೆ. ಬೆಳೆಯುವ ಚರ್ಮದ ಅಭ್ಯಾಸ ಏಕೆ ಬೇಕೆಂಬ ಪ್ರಶ್ನೆಗೆ ಇದೂ ಒಂದು ಉತ್ತರ. ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಪ್ರಾಣಿಗಳನ್ನು ಕೊಯ್ಯುವ ಪದ್ಧತಿಯನ್ನು ಕೈಬಿಡಲು ವಿಶ್ವವಿದ್ಯಾಲಯ ಅನುದಾನ ಆಯೋಗವು 2011ರಲ್ಲಿ ಮಾರ್ಗಸೂಚಿ ಹೊರಡಿಸಿತು. ಅದು ಸರಿಯಾದ ಹೆಜ್ಜೆಯೆಂಬುದು ನಮ್ಮ ಅಭಿಪ್ರಾಯ. ಶಾಲೆಯ ಮಕ್ಕಳಿಗೆ ಬೇಕಾದುದು ಕತ್ತರಿಯಲ್ಲ, ಕಣ್ಣು.

ಮಾತಿನ ಪ್ರಶ್ನೆ

ಕೊನೆಗೆ ಮೊದಲಿನ ಪ್ರಶ್ನೆಗೆ ಬರೋಣ. ಇಂಥ ವಿಷಯವನ್ನು ಯಾವ ಭಾಷೆಯಲ್ಲಿ ಕಲಿಸಬೇಕು? ನಿಜಾಮರ ಆಡಳಿತವು ಇದಕ್ಕೆ ತನ್ನದೇ ಉತ್ತರ ಕೊಟ್ಟಿತ್ತು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ವಿಜ್ಞಾನವನ್ನೂ ಉರ್ದುವಿನಲ್ಲಿಯೇ ಕಲಿಸಿದರು. ಅದಕ್ಕಾಗಿ ಅನುವಾದ ಇಲಾಖೆಯೊಂದನ್ನು ಕಟ್ಟಿ ಸಾವಿರಾರು ಪಾರಿಭಾಷಿಕ ಪದಗಳನ್ನು ಟಂಕಿಸಿದರು. ದೇಶಭಾಷೆಯಲ್ಲಿ ಉಚ್ಚ ವಿಜ್ಞಾನ ಸಾಧ್ಯವೆಂಬುದನ್ನು ಆ ಪ್ರಯೋಗ ತೋರಿಸಿತು. ಆದರೆ ಆ ಸಂಸ್ಥಾನದ ಕನ್ನಡ, ಮರಾಠಿ, ತೆಲುಗು ಮಕ್ಕಳಿಗೆ ಆ ಭಾಷೆ ಮನೆಯದಾಗಿರಲಿಲ್ಲ. ಅದೇ ಕಾಲಕ್ಕೆ ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆಯನ್ನು ನಡೆಸಿದರು. ಮುಂದೆ ಶಿವರಾಮ ಕಾರಂತರು 1936ರಲ್ಲಿ 'ಬಾಲ ಪ್ರಪಂಚ'ವನ್ನೂ ಅನಂತರ 'ವಿಜ್ಞಾನ ಪ್ರಪಂಚ'ದ ಸಂಪುಟಗಳನ್ನೂ ಬರೆದರು. 1978ರಲ್ಲಿ 'ಬಾಲ ವಿಜ್ಞಾನ' ಮಾಸಪತ್ರಿಕೆ ಆರಂಭವಾಯಿತು. ಗಡಿಯ ಈಚೆಗೆ, 1967ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳ 'ಬಾಲಭಾರತಿ'ಯು ಕನ್ನಡ ಮಾಧ್ಯಮದ ಮಕ್ಕಳಿಗೂ ವಿಜ್ಞಾನ ಪುಸ್ತಕಗಳನ್ನು ಮುದ್ರಿಸುತ್ತ ಬಂದಿದೆ. ಇವೆಲ್ಲ ಸೇರಿ ನಮ್ಮ ಮಕ್ಕಳ ಕೈಗೆ ಒಂದು ಭಾಷೆಯನ್ನು ಕೊಟ್ಟಿವೆ.

ಈ ಲೇಖನದಲ್ಲಿ ನಾವು ಶ್ಲೇಷ್ಮ ಎನ್ನದೆ ಲೋಳೆ ಎಂದಿದ್ದೇವೆ, ಏಕೆಂದರೆ ಮಗುವಿನ ಬೆರಳಿಗೆ ಅದು ಮೊದಲೇ ಗೊತ್ತು. ಕಾರ್ಬೋಹೈಡ್ರೇಟ್ ಎಂಬುದನ್ನು ಹಾಗೆಯೇ ಉಳಿಸಿಕೊಂಡಿದ್ದೇವೆ, ಏಕೆಂದರೆ ಮುಂದೆ ಕಾಲೇಜಿನಲ್ಲಿ ಮಗುವಿಗೆ ಅದೇ ಸಿಗುತ್ತದೆ. ಗಡಿನಾಡಿನ ಮಗು ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ನೆರೆಯಲ್ಲಿ ಉರ್ದು, ಕಾಲೇಜಿನಲ್ಲಿ ಇಂಗ್ಲಿಷ್ ಕೇಳುತ್ತದೆ. ಇದನ್ನು ಭಾರವೆಂದು ಭಾವಿಸುವ ಪಾಲಕರಿದ್ದಾರೆ. ನೆಲಗಪ್ಪೆಯೂ ಎರಡು ಲೋಕಗಳ ಜೀವಿ. ನೀರಿನಲ್ಲಿರುವಾಗಲೇ ನೆಲಕ್ಕೆ ಬೇಕಾದ ಚರ್ಮವನ್ನು ಅದು ಕಟ್ಟಿಕೊಳ್ಳುತ್ತದೆ. ಮನೆಮಾತಿನಲ್ಲಿ ಗಟ್ಟಿಯಾಗಿ ಕಲಿತ ಮಗುವೂ ಹಾಗೆಯೇ ಆಚೆಯ ಲೋಕಕ್ಕೆ ಅಣಿಯಾಗುತ್ತದೆಂಬುದು ತರಗತಿಗಳಲ್ಲಿ ವರ್ಷಗಟ್ಟಲೆ ನಾವು ಕಂಡುಕೊಂಡ ಸಂಗತಿ.

ಶತಮಾನೋತ್ಸವದ ನೆನಪಿಗೆ ಕಮಾನು ಕಟ್ಟಿಸಬಹುದು, ಶಿಲಾಫಲಕ ನೆಡಬಹುದು. ಅವುಗಳೊಡನೆ ಇನ್ನೊಂದು ಸಣ್ಣ ಕೆಲಸವನ್ನು ನಾವು ಸೂಚಿಸುತ್ತೇವೆ. ಬರುವ ಮಿರಗದಿಂದ ಶಾಲೆಯಲ್ಲಿ ಒಂದು ವಹಿಯನ್ನು ಇಡೋಣ. ಮೊದಲ ಮಳೆ ಎಂದು ಬಿತ್ತು, ನೆಲಗಪ್ಪೆ ಎಂದು ಕೂಗಿತು, ಯಾವ ಕುಣಿಯಲ್ಲಿ ತತ್ತಿಯ ಎಳೆ ಕಂಡಿತು, ಹಿಂಗಾಲು ಎಂದು ಮೊಳೆಯಿತು, ಮುಂಗಾಲು ಎಂದು ಬಂತು, ಮರಿಗಳು ನೆಲಕ್ಕೇರುವ ಮುನ್ನ ಕುಣಿ ಬತ್ತಿತೇ ಎಂಬುದನ್ನು ಮಕ್ಕಳೇ ಕನ್ನಡದಲ್ಲಿ ಬರೆಯಲಿ. ಒಂದು ಜೀವಿಯನ್ನೂ ಹಿಡಿಯಬೇಕಾಗಿಲ್ಲ, ಕೊಲ್ಲಬೇಕಾಗಿಲ್ಲ. ದಂಡೆಯ ಮೇಲೆ ಕುಳಿತು ನೋಡಿದರೆ ಸಾಕು. ಹಳೆಯ ವಿದ್ಯಾರ್ಥಿಗಳು ಒಂದು ಒಳ್ಳೆಯ ಸೂಕ್ಷ್ಮದರ್ಶಕವನ್ನು ಕೊಡಿಸಿದರೆ ಸಿದ್ಧಪಡಿಸಿದ ಗಾಜುಫಲಕಗಳಲ್ಲಿ ಆ ಕೆಂಪು ನೀಲಿ ಕಣಗಳನ್ನೂ ಮಕ್ಕಳು ಕಾಣಬಹುದು. ಹತ್ತು ಮಳೆಗಾಲಗಳ ಇಂಥ ವಹಿ ನಮ್ಮ ಸೀಮೆಯ ಮಳೆ, ನೀರು, ಜೀವಿಗಳ ನಂಬಲರ್ಹವಾದ ದಾಖಲೆಯಾದೀತು. ಅದನ್ನು ಬರೆದ ಮಕ್ಕಳಲ್ಲಿ ಒಬ್ಬರಾದರೂ ಮುಂದೆ ಪ್ರಯೋಗಾಲಯದ ಬಾಗಿಲನ್ನು ತಟ್ಟಿದರೆ, ನಮ್ಮ ಶಾಲೆಯ ಎರಡನೆಯ ಶತಮಾನಕ್ಕೆ ಅದೊಂದು ಒಳ್ಳೆಯ ಆರಂಭ.